ಐನ್‌ಸ್ಟೀನೋ ಐನ್‌ಸ್ಟೈನೋ? ಭಾಷೆಯಿಂದ ಭಾಷೆಗೆ ಹೋಗುವ ಹೆಸರುಗಳನ್ನು ಹೇಗೆ ಬರೆಯೋಣ

ಮೂಡಲಗಾಳಿ (ಚರ್ಚೆ ಆರಂಭಿಸಿದವರು)

ವಿಜ್ಞಾನದ ಇತಿಹಾಸದ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾರಿಭಾಷಿಕ ಪದಗಳಿಗೆ ಹೇಗೋ ದಾರಿ ಸಿಕ್ಕಿತು. ಮನುಷ್ಯರ ಹೆಸರುಗಳಿಗೆ ಮಾತ್ರ ಇನ್ನೂ ಸಿಕ್ಕಿಲ್ಲ.

ಐನ್‌ಸ್ಟೀನ್ ಎಂಬ ರೂಪ ನಮ್ಮಲ್ಲಿ ಬೇರುಬಿಟ್ಟಿದೆ. ಆದರೆ ಜರ್ಮನ್ ಭಾಷೆಯಲ್ಲಿ ಆ ಹೆಸರಿನ ಎರಡೂ ಭಾಗಗಳಲ್ಲಿ ಕೇಳಿಸುವುದು 'ಐ'. ಬರವಣಿಗೆಯಲ್ಲೂ ಎರಡು ಕಡೆ ಅದೇ ಜೋಡಿ ಅಕ್ಷರಗಳಿವೆ. ಆ ಜೋಡಿಯನ್ನು ನಾವು ಮೊದಲ ಸಲ 'ಐ' ಎಂದೂ ಎರಡನೆಯ ಸಲ 'ಈ' ಎಂದೂ ಓದಿಬಿಟ್ಟಿದ್ದೇವೆ. ಚೀನಾದ ಅಧ್ಯಕ್ಷರು ಪತ್ರಿಕೆಗಳಲ್ಲಿ ಒಂದು ಕಡೆ ಕ್ಸಿ ಜಿನ್‌ಪಿಂಗ್, ಇನ್ನೊಂದು ಕಡೆ ಷಿ ಜಿನ್‌ಪಿಂಗ್. ಪೋಲೆಂಡಿನಲ್ಲಿ ಹುಟ್ಟಿದ ಸಂಗೀತಕಾರ ಕೆಲವರಿಗೆ ಶೋಪ್ಯಾನ್, ಕೆಲವರಿಗೆ ಚಾಪಿನ್.

ಇಂಗ್ಲಿಷಿನವರಿಗೆ ಈ ತೊಂದರೆ ಇಲ್ಲ. ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರೂ ಒಂದೇ ಲಿಪಿಯಲ್ಲಿವೆ. ಅಕ್ಷರಗಳನ್ನು ಹಾಗೆಯೇ ಎತ್ತಿಕೊಂಡರೆ ಬರೆದವರ ಕೆಲಸ ಮುಗಿಯಿತು, ಉಚ್ಚಾರಣೆಯ ಹೊರೆ ಓದುಗರದು. ನಮ್ಮ ಲಿಪಿ ಬೇರೆ. ಕನ್ನಡದಲ್ಲಿ ಬರೆದ ಕೂಡಲೇ ಒಂದು ಧ್ವನಿಯನ್ನು ಆರಿಸಿಕೊಂಡಂತಾಯಿತು. ಹಾಗಿದ್ದ ಮೇಲೆ ಆ ಧ್ವನಿ ಹೆಸರಿನ ಒಡೆಯರ ಬಾಯಿಂದಲೇ ಬರಲಿ, ನಡುವೆ ಇಂಗ್ಲಿಷಿನ ದಲ್ಲಾಳಿತನ ಯಾಕೆ ಎಂಬುದು ನನ್ನ ವಾದ. ಇದನ್ನು ನಿಯಮವಾಗಿ ಹಿಡಿದರೆ ಎಲ್ಲಿ ಮುಗ್ಗರಿಸುತ್ತೇನೆ, ಹೇಳಿ.

ಶಾಸನಪ್ರೇಮಿ

ನಿಯಮ ಚೆನ್ನಾಗಿದೆ. ಆದರೆ ಹೆಸರು ಬದಲಾಗುವುದೆಂದರೆ ಕೆಡುವುದು ಎಂಬ ಭಾವನೆ ಅದರ ಹಿಂದಿದ್ದರೆ ನನಗೆ ಒಪ್ಪಿಗೆಯಿಲ್ಲ.

ಅಶೋಕನ ಹದಿಮೂರನೆಯ ಬಂಡೆಶಾಸನ ನೋಡಿ. ಅದರಲ್ಲಿ ಐವರು ಗ್ರೀಕ್ ಅರಸರ ಹೆಸರುಗಳಿವೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುದರ. ಆಂಟಿಯೋಕಸ್, ಟಾಲೆಮಿ, ಆಂಟಿಗೋನಸ್, ಮ್ಯಾಗಸ್, ಅಲೆಗ್ಸಾಂಡರ್ ಎಂದು ಇಂದು ನಾವು ಬರೆಯುವವರು ಇವರೇ. (ಈ ಅಲೆಗ್ಸಾಂಡರ್ ದಿಗ್ವಿಜಯದ ಅಲೆಗ್ಸಾಂಡರ್ ಅಲ್ಲ, ಅವನ ನಂತರದವನು.) ಪದದ ಆರಂಭದ 'ಪ್ತ' ಪ್ರಾಕೃತದ ನಾಲಗೆಗೆ ಒಗ್ಗದು, ಹಾಗಾಗಿ ಪ್ತೊಲೆಮಾಯೋಸ್ ತುರಮಾಯನಾದ. 'ಕ್ಸ' ಒಡೆದು ನಡುವೆ ಸ್ವರ ಸೇರಿ ಅಲಿಕಸುದರ ಹುಟ್ಟಿದ. ಇದನ್ನು ಬರೆಸಿದವರು ಕಿವಿಯಿಂದ ಕೇಳಿ, ತಮ್ಮ ಭಾಷೆಯ ನಿಯಮಕ್ಕೆ ತಕ್ಕಂತೆ ಬರೆಸಿದರು. ಇಷ್ಟು ಬದಲಾದರೂ ಆ ಹೆಸರುಗಳ ಗುರುತು ಉಳಿಯಿತು. ಈ ಐವರ ಕಾಲ ಗ್ರೀಕ್ ಮೂಲಗಳಿಂದ ತಿಳಿದಿದ್ದರಿಂದಲೇ ಅಶೋಕನ ಕಾಲವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದ ನಡುವಿನಲ್ಲಿ ಗಟ್ಟಿಯಾಗಿ ನಿಲ್ಲಿಸಲು ಸಾಧ್ಯವಾಯಿತು.

ಎದುರು ದಿಕ್ಕಿನ ಪ್ರಯಾಣಕ್ಕೂ ಸಾಕ್ಷಿಯಿದೆ. ಕಂದಹಾರದಲ್ಲಿ 1958ರಲ್ಲಿ ಸಿಕ್ಕ ಗ್ರೀಕ್-ಅರಮಾಯಿಕ್ ಶಾಸನದಲ್ಲಿ 'ಪಿಯದಸಿ' ಎಂಬ ಅಶೋಕನ ಬಿರುದು 'ಪಿಯೊದಸ್ಸೇಸ್' ಆಗಿದೆ. ಗ್ರೀಕಿನಲ್ಲಿ ಗಂಡಸಿನ ಹೆಸರಿಗೆ ವಿಭಕ್ತಿ ಹತ್ತಬೇಕಾದರೆ ಅಂಥದೊಂದು ಕೊನೆ ಬೇಕು; ಅದನ್ನು ಅಂಟಿಸಿದರು. ಚಂದ್ರಗುಪ್ತ ಗ್ರೀಕರ ಬರಹದಲ್ಲಿ ಸಾಂಡ್ರೊಕೊಟ್ಟಸ್. ಇಬ್ಬರೂ ಒಬ್ಬರೇ ಎಂದು ವಿಲಿಯಂ ಜೋನ್ಸ್ 1793ರಲ್ಲಿ ಹೇಳಿದ ಮೇಲೆಯೇ ಭಾರತದ ಪ್ರಾಚೀನ ಇತಿಹಾಸಕ್ಕೆ ಕಾಲಗಣನೆಯ ಒಂದು ಆಧಾರ ದೊರೆಯಿತು.

ಇವುಗಳನ್ನು ತಪ್ಪು ಉಚ್ಚಾರಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಲಿಪಿಕಾರ

ಶಾಸನಪ್ರೇಮಿಯವರ ಮಾತಿಗೆ ಬೆಂಬಲವಾಗಿ ಇನ್ನೊಂದು ಸಂಗತಿ. ಮರೆತುಹೋದ ಲಿಪಿಗಳ ಬೀಗ ತೆರೆದದ್ದು ಬಹುಮಟ್ಟಿಗೆ ಹೆಸರುಗಳೇ. ಹೆಸರನ್ನು ಸಾಮಾನ್ಯವಾಗಿ ಅರ್ಥದಿಂದ ಅನುವಾದಿಸುವುದಿಲ್ಲ, ಧ್ವನಿಯಿಂದ ದಾಟಿಸುತ್ತಾರೆ. ಆದ್ದರಿಂದ ಎರಡು ಭಾಷೆಗಳಲ್ಲಿರುವ ಶಾಸನದಲ್ಲಿ ಎರಡೂ ಕಡೆ ಒಂದೇ ಬಗೆಯಲ್ಲಿ ಕೇಳಿಸುವುದು ಅದೊಂದೇ. ಷಾಂಪೊಲಿಯನ್ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಲು ಟಾಲೆಮಿ ಮತ್ತು ಕ್ಲಿಯೋಪಾತ್ರಾ ಎಂಬ ಹೆಸರುಗಳಲ್ಲಿ ಸಮಾನವಾಗಿರುವ ಪ, ಲ, ಒ ಧ್ವನಿಗಳನ್ನು ಹಿಡಿದುಕೊಂಡ. ಬ್ರಾಹ್ಮಿ ಲಿಪಿಯ ವಿಷಯದಲ್ಲೂ ಹೀಗೆಯೇ: 1836ರಲ್ಲಿ ಕ್ರಿಸ್ಟಿಯಾನ್ ಲಾಸೆನ್ ಗ್ರೀಕ್ ಮತ್ತು ಬ್ರಾಹ್ಮಿ ಎರಡೂ ಇರುವ ನಾಣ್ಯದ ಮೇಲೆ ಅಗಾಥೊಕ್ಲಿಸ್ ಎಂಬ ಅರಸನ ಹೆಸರನ್ನು ಓದಿದ. ಮರುವರ್ಷ ಪ್ರಿನ್ಸೆಪ್ ಉಳಿದ ಅಕ್ಷರಗಳನ್ನು ಓದಿ ಮುಗಿಸಿದ.

ಆದರೆ ಹೆಸರು ದೂರ ಹೋದಷ್ಟೂ ದಾಟುವ ಕೈಗಳು ಹೆಚ್ಚುತ್ತವೆ, ಒಂದೊಂದು ಕೈಯೂ ತನ್ನ ಗುರುತು ಬಿಡುತ್ತದೆ. ನನ್ನನ್ನು ಬಹಳ ಕಾಡಿದ ಉದಾಹರಣೆ 'ಬೋಧಿಸತ್ವ'. ಬುದ್ಧನ ಕಥೆ ಪರ್ಷಿಯಾದ ದಾರಿಯಾಗಿ ಅರಬ್ಬಿಗೆ ಹೋದಾಗ ಅದು 'ಬೂದಾಸಫ್' ಆಯಿತು. ಅರಬ್ಬಿ ಲಿಪಿಯಲ್ಲಿ ಪದದ ಆರಂಭದ 'ಬ'ಕ್ಕೂ 'ಯ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಚುಕ್ಕೆಗಳದ್ದು ಮಾತ್ರ: ಒಂದಿದ್ದರೆ ಬ, ಎರಡಿದ್ದರೆ ಯ. ಯಾರೋ ನಕಲುಗಾರನ ಕೈಯಲ್ಲಿ ಒಂದು ಚುಕ್ಕೆ ಎರಡಾಯಿತು, 'ಯೂದಾಸಫ್' ಹುಟ್ಟಿತು. ಅಲ್ಲಿಂದ ಜಾರ್ಜಿಯನ್ ಭಾಷೆಯಲ್ಲಿ ಇಯೋದಸಫ್, ಗ್ರೀಕಿನಲ್ಲಿ ಇಯೋಅಸಫ್, ಲ್ಯಾಟಿನ್‌ನಲ್ಲಿ ಜೋಸಫಟ್. ಆ ಹೊತ್ತಿಗೆ ಕಥೆಯೂ ಕ್ರೈಸ್ತ ಕಥೆಯಾಗಿತ್ತು. ಜೋಸಫಟ್ ರೋಮನ್ ಕ್ಯಾಥೊಲಿಕ್ ಸಂತರ ಪಟ್ಟಿಯಲ್ಲಿ ಸೇರಿದ, ನವೆಂಬರ್ 27 ಅವನ ದಿನವಾಯಿತು. ಒಂದೊಂದು ಹೆಜ್ಜೆಯನ್ನೂ ವಿವರಿಸಬಹುದು, ಆದರೆ ಕೊನೆಯ ರೂಪದಿಂದ ಮೊದಲನೆಯದನ್ನು ಯಾರೂ ಊಹಿಸಲಾರರು. ಮೂಡಲಗಾಳಿಯವರೇ, 'ಹೆಸರಿನ ಒಡೆಯರ ಬಾಯಿ' ಎಂಬ ನಿಯಮವನ್ನು ಜೋಸಫಟ್‌ಗೆ ಹೇಗೆ ಅನ್ವಯಿಸುತ್ತೀರಿ?

ಅಳಿಲು

ನಡುವೆ ಒಂದು ಪ್ರಶ್ನೆ. ಅಲೆಗ್ಸಾಂಡರ್ ಸಿಕಂದರ್ ಆಗುವಾಗ ಮುಂದಿನ 'ಅಲೆ' ಎಲ್ಲಿ ಹೋಯಿತು?

ಲಿಪಿಕಾರ

ಅರಬ್ಬಿಯಲ್ಲಿ ನಾಮಪದಗಳ ಆರಂಭದಲ್ಲಿ 'ಅಲ್' ಎಂಬ ನಿರ್ದೇಶಕ ಬರುತ್ತದೆ. ಅಲೆಗ್ಸಾಂಡರ್‌ನ ಮೊದಲ ಭಾಗವನ್ನೂ ಕೇಳುಗರು ಅದೇ 'ಅಲ್' ಎಂದು ತಿಳಿದು ಕಳಚಿದರು. ಉಳಿದದ್ದರಲ್ಲಿ 'ಕ್ಸ' ತಿರುಗಿ 'ಸ್ಕ' ಆಯಿತು, ಇಸ್ಕಂದರ್ ಹುಟ್ಟಿತು. ನಮ್ಮ ಕಡೆಗೆ ಬರುವಾಗ ಅದು ಸಿಕಂದರ್.

ಹೆಸರಿನ ಭಾಗಗಳನ್ನು ತಪ್ಪಾಗಿ ಬಿಡಿಸುವುದು, ತಪ್ಪಾಗಿ ಕೂಡಿಸುವುದು ಎರಡೂ ಸಾಮಾನ್ಯ. ಇಬ್ನ್ ಸೀನಾ ಎಂಬಲ್ಲಿ 'ಇಬ್ನ್' ಎಂದರೆ ಮಗ. ಲ್ಯಾಟಿನ್ ಅನುವಾದಕರ ಕೈಗೆ ಅದು ಸ್ಪೇನಿನ ಉಚ್ಚಾರಣೆಯಲ್ಲಿ ಬಂದು, ಎರಡೂ ಬೆಸೆದುಕೊಂಡು ಅವಿಸೆನ್ನಾ ಆಯಿತು. ಇಬ್ನ್ ರುಶ್ದ್ ಹೀಗೆಯೇ ಅವೆರೋಸ್. ಖ್ವಾರಿಜ್ಮ್ ಪ್ರದೇಶದವನು ಎಂಬ ಅರ್ಥದ ಅಲ್-ಖ್ವಾರಿಜ್ಮಿ ಲ್ಯಾಟಿನ್‌ನಲ್ಲಿ ಅಲ್ಗೊರಿತ್ಮಿಯಾಗಿ, ಇಂದು ಗಣಕಲೋಕ ದಿನವೂ ಹೇಳುವ ಅಲ್ಗಾರಿದಮ್ ಆದ.

ಕಿರುಹಣತೆ

ಧ್ವನಿಯ ಮಾತು ಸಾಕಷ್ಟಾಯಿತು. ನನ್ನ ಆಸಕ್ತಿ ಹೆಸರುಗಳ ಬಾಲದಲ್ಲಿ.

ಲ್ಯಾಟಿನ್ ವಾಕ್ಯದಲ್ಲಿ ಹೆಸರು ಬರಿದಾಗಿ ನಿಲ್ಲಲಾರದು, ವಿಭಕ್ತಿ ಬೇಕು. ಹಾಗಾಗಿ ಪೋಲೆಂಡಿನ ಕೊಪೆರ್ನಿಕ್ ಕೊಪರ್ನಿಕಸ್ ಆದ. ಕೊಂಗ್ ಫೂತ್ಸು ಎಂಬ ಚೀನೀ ಗುರುವಿಗೆ ಜೆಸ್ಯೂಟ್ ಪಾದ್ರಿಗಳು ಅದೇ ಬಾಲ ಜೋಡಿಸಿ ಕನ್‌ಫ್ಯೂಷಿಯಸ್ ಎಂದರು. ಮೆಂಗ್‌ತ್ಸು ಮೆನ್ಸಿಯಸ್ ಆದ. ಇವರಷ್ಟೇ ದೊಡ್ಡ ಚೀನೀ ಚಿಂತಕರು ಇನ್ನೂ ಹಲವರಿದ್ದಾರೆ, ಅವರಿಗೆ ಆ ಬಾಲ ಅಂಟಲಿಲ್ಲ. ಅವರು ಚೀನೀ ಹೆಸರಿನಲ್ಲೇ ಉಳಿದರು.

ಕನ್ನಡವೂ ಇದನ್ನೇ ಮಾಡಿದೆ, ಅದೂ ಎಷ್ಟು ಸಹಜವಾಗಿ ಎಂದರೆ ನಮಗೆ ಕಾಣಿಸುವುದೇ ಇಲ್ಲ. ಸಂಸ್ಕೃತದ ಸೀತಾ ನಮ್ಮಲ್ಲಿ ಸೀತೆ, ಊರ್ಮಿಲಾ ಊರ್ಮಿಳೆ, ಶಕುಂತಲಾ ಶಕುಂತಳೆ. ರಾಮಃ ಎಂಬುದರ ವಿಸರ್ಗ ಬಿದ್ದು, ನಮ್ಮದೇ ಪ್ರತ್ಯಯ ಹತ್ತಿ ರಾಮನು. ಸೀತೆಯ ಹೆಸರನ್ನು ಕನ್ನಡ ಕೆಡಿಸಿತು ಎಂದು ಯಾರಾದರೂ ಹೇಳಿಯಾರೇ? ಒಳಗೆ ಕರೆದುಕೊಂಡಿತು ಎಂದೇ ನಾನು ಹೇಳುತ್ತೇನೆ. ಲಾಟ್ವಿಯಾದಲ್ಲಿ ಇಂದಿಗೂ ವಿದೇಶಿ ಹೆಸರುಗಳು ಹೀಗೆ ಒಳಗೆ ಬರುತ್ತವೆ: ಜಾರ್ಜ್ ಬುಷ್ ಅಲ್ಲಿ ಜಾರ್ಜ್ಸ್ ಬುಶ್ಸ್. ಆ 'ಸ್' ಇಲ್ಲದಿದ್ದರೆ ಹೆಸರು ಅವರ ವಾಕ್ಯದಲ್ಲಿ ಓಡಾಡುವುದಿಲ್ಲ. ಜೆಕ್ ಪತ್ರಿಕೆಗಳಲ್ಲಿ ಏಂಜೆಲಾ ಮರ್ಕೆಲ್ ಮರ್ಕೆಲೊವಾ ಆಗುತ್ತಾರೆ.

ದಿಗಂತ

ಎಲ್ಲರೂ ಸತ್ತವರ ಹೆಸರುಗಳ ಬಗ್ಗೆ ಬರೆಯುತ್ತಿದ್ದೀರಿ. ಬದುಕಿರುವವರಿಗೆ ಇದು ಅರ್ಜಿ ನಮೂನೆಯ ಪ್ರಶ್ನೆ.

ನನ್ನ ಹೆಸರಿನಲ್ಲಿ ಒಂದು ಳ, ಒಂದು ಣ ಇವೆ. ಪಾಸ್‌ಪೋರ್ಟಿನ ರೋಮನ್ ಅಕ್ಷರಗಳಲ್ಲಿ ಅವೆರಡೂ ಲ ಮತ್ತು ನ ಆಗಿ ಕೂತಿವೆ. ಹ್ರಸ್ವ ದೀರ್ಘಗಳು ಅಳಿಸಿಹೋಗಿವೆ. ನಮ್ಮದು ಮಾತ್ರವಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ಪಾಸ್‌ಪೋರ್ಟಿನ ಕೆಳಗಿನ, ಯಂತ್ರ ಓದುವ ಸಾಲುಗಳಲ್ಲಿ ಹೆಸರಿಗೆ ಇರುವುದು ಇಪ್ಪತ್ತಾರು ರೋಮನ್ ಅಕ್ಷರಗಳು ಮಾತ್ರ. ಅಕ್ಷರಗಳ ಮೇಲೆ ಚುಕ್ಕೆ, ಗೆರೆ ಇರುವ ಜರ್ಮನ್ನರು, ನಾರ್ವೆಯವರು, ಪೋಲಿಷರು ಎಲ್ಲರೂ ಅಲ್ಲಿ ಏನಾದರೊಂದನ್ನು ಬಿಟ್ಟುಕೊಡುತ್ತಾರೆ.

ಇದಕ್ಕಿಂತ ಕಷ್ಟ ಹೆಸರಿನ ಭಾಗಗಳದ್ದು. ನಮೂನೆಗಳು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕ ಇಡುತ್ತವೆ. ಒಂದೇ ಹೆಸರಿರುವ ಕೋಟ್ಯಂತರ ಜನರು ಲೋಕದಲ್ಲಿದ್ದಾರೆ. ಅಂಥವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಮೊದಲ ಹೆಸರು ತಿಳಿದಿಲ್ಲ' ಎಂಬುದರ ಸಂಕ್ಷಿಪ್ತ ಮೂರಕ್ಷರ ಬೀಳುತ್ತದೆ. ಮುಂದೆ ಕೆಲವು ದಾಖಲೆಗಳಲ್ಲಿ ಆ ಮೂರಕ್ಷರವೇ ಅವರ ಹೆಸರಾಗಿ ಕೂರುತ್ತದೆ. ಐಸ್‌ಲ್ಯಾಂಡಿನವರ ಕೊನೆಯ ಹೆಸರು ಮನೆತನದ್ದಲ್ಲ, ಸಾಮಾನ್ಯವಾಗಿ ತಂದೆಯ ಅಥವಾ ತಾಯಿಯ ಹೆಸರಿಗೆ ಮಗ, ಮಗಳು ಎಂದು ಸೇರಿಸಿದ್ದು. ಹಂಗೇರಿ, ಚೀನಾ, ಕೊರಿಯಾ, ಜಪಾನ್ ದೇಶಗಳಲ್ಲಿ ಮನೆತನದ ಹೆಸರೇ ಮೊದಲು. ಜಪಾನ್ ಸರ್ಕಾರ ಇಂಗ್ಲಿಷ್ ಬರಹಕ್ಕಾಗಿ ಈ ಕ್ರಮವನ್ನು ಬಹುಕಾಲ ತಿರುಗಿಸಿಕೊಂಡಿತ್ತು. 2020ರ ಜನವರಿಯಿಂದ ಅಧಿಕೃತ ದಾಖಲೆಗಳಲ್ಲಿ ತನ್ನ ಕ್ರಮಕ್ಕೇ ಮರಳಿತು.

ಯುರೋಪಿನ ನ್ಯಾಯಾಲಯದ ಒಂದು ತೀರ್ಪು ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಜರ್ಮನಿಯಲ್ಲಿ ಸ್ವಂತ ವೃತ್ತಿ ನಡೆಸುತ್ತಿದ್ದ ಗ್ರೀಕ್ ಪ್ರಜೆಯೊಬ್ಬರ ಹೆಸರು ಕ್ರಿಸ್ತೋಸ್. ಅಕ್ಷರಕ್ಕೆ ಅಕ್ಷರ ಹೊಂದಿಸುವ ಅಂತರರಾಷ್ಟ್ರೀಯ ಮಾನದಂಡವೊಂದನ್ನು ಅನುಸರಿಸಿ ಅಲ್ಲಿನ ಮದುವೆ ದಾಖಲೆಯಲ್ಲಿ ಅದು 'ಹ್ರೆಸ್ತೋಸ್' ಆಯಿತು. ಮಾನದಂಡದ ಪ್ರಕಾರ ತಪ್ಪಿಲ್ಲ, ಆದರೆ ಯಾರ ಬಾಯಲ್ಲೂ ಇಲ್ಲದ ಹೆಸರು ಅದು. ಹೆಸರು ಇಷ್ಟು ವಿಕಾರವಾಗಿ, ಗ್ರಾಹಕರು ಅವರನ್ನು ಬೇರೆ ಯಾರೋ ಎಂದು ತಿಳಿಯುವ ಅಪಾಯವಿದ್ದರೆ ಹಾಗೆ ಬರೆಯಲು ಒತ್ತಾಯಿಸುವಂತಿಲ್ಲ ಎಂದು 1993ರಲ್ಲಿ ನ್ಯಾಯಾಲಯ ಹೇಳಿತು.

ಅಳಿಲು

ಅಮೆರಿಕಕ್ಕೆ ಹಡಗಿನಲ್ಲಿ ಹೋದ ವಲಸಿಗರ ಹೆಸರುಗಳನ್ನು ಎಲ್ಲಿಸ್ ದ್ವೀಪದ ಅಧಿಕಾರಿಗಳು ತಮಗೆ ತೋಚಿದಂತೆ ಬದಲಿಸಿದರಂತಲ್ಲ?

ಲಿಪಿಕಾರ

ಬಹಳ ಜನ ನಂಬಿರುವ ಮಾತು, ಆದರೆ ದಾಖಲೆಗಳು ಹಾಗೆ ಹೇಳುವುದಿಲ್ಲ. 1892ರಲ್ಲಿ ತೆರೆದ ಆ ಕೇಂದ್ರದಲ್ಲಿ ಅಧಿಕಾರಿಗಳು ಹೆಸರು ಕೇಳಿ ಬರೆದುಕೊಳ್ಳುತ್ತಿರಲಿಲ್ಲ. ಹಡಗು ಹೊರಟ ಕಡೆಯಲ್ಲೇ ಸಿದ್ಧವಾದ ಪ್ರಯಾಣಿಕರ ಪಟ್ಟಿ ಅವರ ಕೈಯಲ್ಲಿರುತ್ತಿತ್ತು, ಅದರೊಂದಿಗೆ ತಾಳೆ ನೋಡುತ್ತಿದ್ದರು. ಹೆಸರು ಬದಲಾದದ್ದು ಬಹುತೇಕ ಆಮೇಲೆ, ನೆರೆಹೊರೆ ಮತ್ತು ಕೆಲಸದ ಒತ್ತಡದಲ್ಲಿ, ವಲಸಿಗರ ಕೈಯಿಂದಲೇ.

ನೆರಳು

ಇಲ್ಲಿಯವರೆಗಿನ ಮಾತುಗಳಲ್ಲಿ ಒಂದು ವಿಷಯ ಬರದೇ ಇರುವುದು ನನಗೆ ನೋವುಂಟುಮಾಡಿದೆ. 'ಒಳಗೆ ಕರೆದುಕೊಂಡಿತು' ಎಂದು ಕಿರುಹಣತೆಯವರು ಬರೆದಿದ್ದಾರೆ. ಎಳೆದುಕೊಂಡು ಹೋದ ಪ್ರಸಂಗಗಳೂ ಇವೆ.

ಬಲ್ಗೇರಿಯಾದಲ್ಲಿ 1984–85ರ ಚಳಿಗಾಲದಲ್ಲಿ ಕಮ್ಯುನಿಸ್ಟ್ ಸರ್ಕಾರ ಅಲ್ಲಿನ ತುರ್ಕಿ ಜನರ ಹೆಸರುಗಳನ್ನು ಪೊಲೀಸ್ ಬಲದಿಂದ ಬಲ್ಗೇರಿಯನ್ ಹೆಸರುಗಳಾಗಿ ಬದಲಿಸಿತು. ಪ್ರತಿಭಟಿಸಿದವರಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. 1990ರ ಕಾನೂನು ಬಂದ ಮೇಲೆ ಅವರು ತಮ್ಮ ಹೆಸರುಗಳನ್ನು ಮರಳಿ ಪಡೆಯಬಹುದಾಯಿತು. ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದಲ್ಲಿ 1940ರಲ್ಲಿ ಜಪಾನಿ ಮಾದರಿಯ ಮನೆತನದ ಹೆಸರುಗಳನ್ನು ಹೇರಲಾಯಿತು. ಕಾಗದದ ಮೇಲೆ ಅದು ಸ್ವಇಚ್ಛೆ. ನಿಜದಲ್ಲಿ ಒಪ್ಪದವರಿಗೆ ಕಚೇರಿಯಲ್ಲೂ ಶಾಲೆಯಲ್ಲೂ ಬಾಗಿಲು ಮುಚ್ಚುತ್ತಿತ್ತು. ಮಧ್ಯ ಏಷ್ಯಾದವರ ಹೆಸರುಗಳಿಗೆ ರಷ್ಯದ 'ಒವ್' ಬಾಲ ಹತ್ತಿದ್ದು ಆಡಳಿತದ ದಾಖಲೆಗಳ ಮೂಲಕ. ತಾಜಿಕಿಸ್ತಾನದ ಅಧ್ಯಕ್ಷ ರಹ್ಮೊನೊವ್ 2007ರಲ್ಲಿ ಆ ಬಾಲ ತೆಗೆದು ರಹ್ಮೊನ್ ಆದರು.

ಸೀತೆಗೂ ಇದಕ್ಕೂ ಇರುವ ಅಂತರ ವ್ಯಾಕರಣದಲ್ಲಿ ಸಿಗುವುದಿಲ್ಲ. ಧ್ವನಿ ಬದಲಾವಣೆಯ ನಿಯಮಗಳು ಎರಡೂ ಕಡೆ ಒಂದೇ ಇರಬಹುದು. ಹೆಸರುಳ್ಳವರನ್ನು ಯಾರಾದರೂ ಕೇಳಿದರೇ ಎಂಬುದು ನಾನು ಮೊದಲು ಕೇಳುವ ಪ್ರಶ್ನೆ. ಉಕ್ರೇನಿನ ಅಧ್ಯಕ್ಷರ ಹೆಸರನ್ನು ವೊಲೊದಿಮಿರ್ ಎಂದು ಬರೆಯಿರಿ ಎಂದರೆ, ಅದೂ ವ್ಲಾದಿಮಿರ್ ಅಲ್ಲವೇ, ಮೂಲ ಒಂದೇ ತಾನೇ ಎನ್ನುವವರಿದ್ದಾರೆ. ಮೂಲ ಒಂದೇ, ನಿಜ. ಆದರೆ ಅವರು ತಮ್ಮನ್ನು ವೊಲೊದಿಮಿರ್ ಎಂದು ಕರೆದುಕೊಳ್ಳುತ್ತಾರೆ. ಈ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚಿನ ಕಾರಣ ಬೇಕೇ?

ಕಿರುಹಣತೆ

ನೆರಳು ಅವರೇ, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಲಾಟ್ವಿಯಾದ ಪತ್ರಿಕೆ ದೂರದ ನಾಯಕನ ಹೆಸರಿಗೆ 'ಸ್' ಹಚ್ಚುವುದು ಒಂದು, ನಾಗರಿಕನೊಬ್ಬನ ಪಾಸ್‌ಪೋರ್ಟಿನಲ್ಲಿ ಹಚ್ಚುವುದು ಇನ್ನೊಂದು. ಜೆಕ್ ದೇಶದಲ್ಲಿ 2022ರಿಂದ ಹೆಂಗಸರು 'ಒವಾ' ಬೇಕೋ ಬೇಡವೋ ಎಂದು ತಾವೇ ನಿರ್ಧರಿಸಬಹುದು. ಅದು ಆಗಬೇಕಾದ್ದೇ ಆಗಿತ್ತು.

ಒಡೆಯರೇ ಒಪ್ಪಿ, ಇಷ್ಟಪಟ್ಟು ಬದಲಿಸಿಕೊಂಡದ್ದನ್ನೂ ನೆನೆಯೋಣ. ಚೀನಾಕ್ಕೆ ಹೋದ ಮತ್ತೇವೊ ರಿಚ್ಚಿ ಅಲ್ಲಿಯವರಿಗೆ ಹೇಳಲು ಬರುವಂತೆ, ಮನೆತನದ ಹೆಸರು ಮುಂದೆ ಬರುವಂತೆ ಲಿ ಮಾದೊ ಆದರು. ಮಾರ್ಟಿನ್ ಲೂಥರನ ಸಂಗಡಿಗ ಷ್ವಾರ್ಟ್ಸರ್ಟ್ ತನ್ನ ಹೆಸರನ್ನು 'ಕಪ್ಪು ಮಣ್ಣು' ಎಂದು ಬಿಡಿಸಿ ಗ್ರೀಕಿಗೆ ಅನುವಾದಿಸಿದ ಮೆಲಾಂಕ್‌ಥಾನ್ ಎಂಬ ಹೆಸರಿನಲ್ಲೇ ಬಾಳಿದ. ಫ್ರಾನ್ಸಿನಲ್ಲಿದ್ದ ವ್ಯಾನ್ ಗೋ 1888ರಲ್ಲಿ ತಮ್ಮನಿಗೆ ಬರೆದ ಪತ್ರದಲ್ಲಿ, ಇಲ್ಲಿಯವರಿಗೆ ಮನೆತನದ ಹೆಸರು ಹೇಳಲು ಬರುವುದಿಲ್ಲ, ಪ್ರದರ್ಶನದ ಪಟ್ಟಿಯಲ್ಲಿ ನಾನು ಚಿತ್ರದ ಮೇಲೆ ಸಹಿ ಹಾಕುವ ಹಾಗೆ ವಿನ್ಸೆಂಟ್ ಎಂದೇ ಹಾಕಲಿ ಎನ್ನುತ್ತಾನೆ. ಡಚ್ ಭಾಷೆಯಲ್ಲಿ ಆ ಹೆಸರಿನ ಎರಡೂ ತುದಿಗಳಲ್ಲಿ ಗಂಟಲಿನಿಂದ ಬರುವ 'ಖ'ದಂಥ ಧ್ವನಿಯಿದೆ. ಅದನ್ನು ನಾವು ಎಷ್ಟೇ ಕಷ್ಟಪಟ್ಟು ಕನ್ನಡದಲ್ಲಿ ಬರೆದರೂ ಓದುವವರು ಬೇರೆಯದನ್ನೇ ಹೇಳುತ್ತಾರೆ.

ಶಾಸನಪ್ರೇಮಿ

ಆದ್ದರಿಂದಲೇ 'ಮೂಲ ಉಚ್ಚಾರಣೆ' ಎಂಬ ಮಾತನ್ನು ಎಚ್ಚರದಿಂದ ಬಳಸೋಣ. ಐನ್‌ಸ್ಟೈನ್ ಕೂಡ ಪೂರ್ತಿ ಜರ್ಮನ್ ಅಲ್ಲ, ಅವರು 'ಷ್ಟೈನ್' ಎನ್ನುತ್ತಾರೆ. ಇನ್ನು ನಮ್ಮ ಇತಿಹಾಸ ಪುಸ್ತಕಗಳ ಹ್ಯೂಯೆನ್ ತ್ಸಾಂಗ್. ಚೀನೀ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಹಳೆಯ ಪದ್ಧತಿಗಳು ಬಿದ್ದು, 1958ರಲ್ಲಿ ಚೀನಾ ಒಪ್ಪಿದ ಪಿನ್‌ಯಿನ್ ಈಗ ಎಲ್ಲೆಡೆ ಇದೆ. ಅದರಂತೆ ಓದಿದರೆ ಅವನು ಷ್ವಾನ್‌ಜಾಂಗ್. ಆದರೆ ಅವನು ಏಳನೆಯ ಶತಮಾನದವನು. ಈಗಿನ ಬೀಜಿಂಗ್ ಉಚ್ಚಾರಣೆ ಅವನ ಕಾಲದ ಉಚ್ಚಾರಣೆಯೂ ಅಲ್ಲ. ಸುಮಾರು ಸಾವಿರದ ನಾನೂರು ವರ್ಷ ಹಿಂದಿನ 'ಒಡೆಯರ ಬಾಯಿ' ಯಾವುದು?

ಕನ್ನಡದಲ್ಲಿ ತಲೆಮಾರುಗಳು ಓದಿದ ಹೆಸರನ್ನು ಒಮ್ಮೆಲೇ ತೆಗೆದರೆ ಹಳೆಯ ಪುಸ್ತಕಗಳಿಗೂ ಹೊಸ ಓದುಗರಿಗೂ ನಡುವೆ ದಾರಿ ಕಡಿದುಹೋಗುತ್ತದೆ. ಅದು ನನ್ನ ಚಿಂತೆ.

ದಿಗಂತ

ಭಾರತೀಯ ಹೆಸರುಗಳೇ ಇಂಗ್ಲಿಷಿಗೆ ಹೋಗಿ ವೇಷ ಬದಲಿಸಿ ಮರಳುವುದನ್ನೂ ಸೇರಿಸಿಕೊಳ್ಳಿ. ಠಾಕೂರ್ ಎಂಬುದು ಬ್ರಿಟಿಷರ ಬರಹದಲ್ಲಿ ಟ್ಯಾಗೋರ್ ಆಗಿ, ಆ ರೂಪದಲ್ಲೇ ನಮಗೆ ಬಂತು. ಕವಿ ಸ್ವತಃ ಇಂಗ್ಲಿಷಿನಲ್ಲಿ ಆ ರೂಪದಲ್ಲೇ ಸಹಿ ಮಾಡುತ್ತಿದ್ದರು, ಬಂಗಾಳಿಯಲ್ಲಿ ಬರೆಯುವಾಗ ಠಾಕೂರ್. ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷಿನ ಸಹಿಯನ್ನು ಅನುಸರಿಸಲು ನನಗೆ ಕಾರಣ ಕಾಣಿಸುವುದಿಲ್ಲ.

ಮೂಡಲಗಾಳಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಸ್ತಪ್ರತಿಯನ್ನು ತೆಗೆದುಕೊಂಡು ಕೂತು, ಹೀಗೆ ಮಾಡಲು ನಿರ್ಧರಿಸಿದ್ದೇನೆ.

ಬದುಕಿರುವವರ ಹೆಸರಿಗೆ ಅವರದೇ ಮಾತು ಕೊನೆಯದು. ಅವರು ತಮ್ಮ ಹೆಸರು ಹೇಳಿಕೊಂಡ ಧ್ವನಿಮುದ್ರಣ ಸಿಕ್ಕರೆ ಅದನ್ನು ಕೇಳಿಯೇ ಬರೆಯುತ್ತೇನೆ. ಮನೆತನದ ಹೆಸರು ಮೊದಲಿರುವಲ್ಲಿ ಮೊದಲೇ ಇರುತ್ತದೆ. ರೋಮನ್ ಕಾಗುಣಿತವನ್ನು ತಪ್ಪಾಗಿ ಓದಿದ್ದರಿಂದಷ್ಟೇ ಹುಟ್ಟಿದ ರೂಪಗಳನ್ನು ಬಿಟ್ಟು ಹೀಗೆ ಬರೆಯುತ್ತೇನೆ: ಐನ್‌ಸ್ಟೈನ್, ಷಿ, ಶೋಪ್ಯಾನ್. 'ಷ್ಟೈನ್' ಮಾಡಲಾರೆ, ಅಲ್ಲಿ ಶಾಸನಪ್ರೇಮಿಯವರ ಎಚ್ಚರಿಕೆ ಕೈ ಹಿಡಿಯಿತು. ಅವಿಸೆನ್ನಾ ಬದಲು ಇಬ್ನ್ ಸೀನಾ ಎಂದು ಬರೆಯುತ್ತೇನೆ. ಅರಬ್ಬಿ ಹೆಸರನ್ನು ಕನ್ನಡಕ್ಕೆ ತರಲು ಲ್ಯಾಟಿನ್ ದಾರಿ ಹಿಡಿಯಬೇಕಾಗಿಲ್ಲ. ಕೊಪರ್ನಿಕಸ್ ಹಾಗೆಯೇ ಇರಲಿ: 1543ರ ಅವನ ಪುಸ್ತಕ ಹೊರಬಂದದ್ದೇ ಆ ಲ್ಯಾಟಿನ್ ಹೆಸರಿನಲ್ಲಿ. ಷ್ವಾನ್‌ಜಾಂಗ್ ಪಠ್ಯದಲ್ಲಿ, ಹ್ಯೂಯೆನ್ ತ್ಸಾಂಗ್ ಪದಸೂಚಿಯಲ್ಲಿ. ಅಲ್ಲಿಂದ ಇಲ್ಲಿಗೆ ಪುಟಸಂಖ್ಯೆ. ಜೋಸಫಟ್‌ಗೆ ಯಾವ ನಿಯಮವೂ ಹೊಂದುವುದಿಲ್ಲ. ಅವನ ಹೆಸರಿನ ದಾರಿಯನ್ನು ಪೂರ್ತಿ ಬರೆಯುತ್ತೇನೆ, ಅದಕ್ಕೊಂದು ಪುಟ ಹೋದರೂ ಸರಿ.

ಒಂದು ತೊಡಕು ಉಳಿದಿದೆ. ರಷ್ಯದ ಗಣಿತಜ್ಞ ಚೆಬಿಷೆವ್. ರಷ್ಯನ್ನರು ಹೇಳುವುದು ಚೆಬಿಷೋಫ್ ಎಂದು, ಒತ್ತು ಕೊನೆಯ ಅಕ್ಷರದ ಮೇಲೆ. ಅವನ ಹೆಸರಿನ ಬಹುಪದೋಕ್ತಿಗಳನ್ನು (ಒಂದು ಬಗೆಯ ಬೀಜಗಣಿತದ ಸೂತ್ರಗಳನ್ನು) ಲೋಕವೆಲ್ಲ 'ಟಿ' ಅಕ್ಷರದಿಂದ ಗುರುತಿಸುತ್ತದೆ, ಏಕೆಂದರೆ ಫ್ರೆಂಚರು ಅವನ ಹೆಸರನ್ನು 'ಟಿ'ಯಿಂದ ಆರಂಭಿಸಿ ಬರೆದಿದ್ದರು. ಹೆಸರನ್ನು ಬದಲಿಸಿದರೂ ಸೂತ್ರದ 'ಟಿ'ಯನ್ನು ಮುಟ್ಟುವಂತಿಲ್ಲ.

ಲಿಪಿಕಾರ

ಪಠ್ಯದಲ್ಲಿ ಚೆಬಿಷೋಫ್ ಎಂದೇ ಬರೆಯಿರಿ. ಸೂತ್ರ ಮೊದಲು ಬರುವ ಪುಟದಲ್ಲೇ 'ಟಿ' ಎಲ್ಲಿಂದ ಬಂತೆಂದು ಎರಡು ಸಾಲು ಹಾಕಿ. ಪುಸ್ತಕದ ಕೊನೆಯ ಟಿಪ್ಪಣಿಗೆ ತಳ್ಳಬೇಡಿ, ಗಣಿತದ ವಿದ್ಯಾರ್ಥಿಗಳು ಅಲ್ಲಿಯವರೆಗೆ ಹೋಗುವುದಿಲ್ಲ.